ಕಿಡ್ನಿ ಕೈಕೊಟ್ಟರೂ ಓಡಿದ ಲೋಮು

ಜೋನಾ ಲೋಮು 1975ರ ಮೇ 12ರಂದು ನ್ಯೂಜಿಲೆಂಡ್‌ನಲ್ಲಿ, ಟೋಂಗಾ ಮೂಲದ ಕುಟುಂಬವೊಂದರಲ್ಲಿ ಹುಟ್ಟಿದರು. ದಕ್ಷಿಣ ಆಕ್ಲೆಂಡ್‌ನಲ್ಲಿ ಬೆಳೆದ ಈ ಹುಡುಗನಿಗೆ ರಗ್ಬಿಯ ದಾರಿ ತೋರಿದ್ದು ವೆಸ್ಲಿ ಕಾಲೇಜು ಎಂಬ ವಸತಿ ಶಾಲೆ. ಅಲ್ಲಿ ಅವರು ಮುಂಪಡೆಯ ಆಟಗಾರ. ರಾಷ್ಟ್ರೀಯ ತಂಡ ಮಾತ್ರ ಅವರನ್ನು ಅಂಚಿನ ಓಟಗಾರನಾಗಿ, ಎಡ ವಿಂಗ್‌ನಲ್ಲಿ ನಿಲ್ಲಿಸಿತು.

1994ರಲ್ಲಿ ಫ್ರಾನ್ಸ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ 45 ದಿನ. ಅಷ್ಟು ಎಳೆಯ ವಯಸ್ಸಿನಲ್ಲಿ ನ್ಯೂಜಿಲೆಂಡ್ ಪರ ಟೆಸ್ಟ್ ಆಡಿದವರು ಅದುವರೆಗೆ ಯಾರೂ ಇರಲಿಲ್ಲ. ಸರಣಿಯ ಎರಡೂ ಟೆಸ್ಟ್‌ಗಳಲ್ಲಿ ತಂಡ ಸೋತಿತು. ಹೊಸ ಜಾಗದಲ್ಲಿ ರಕ್ಷಣೆ ಇನ್ನೂ ಒಗ್ಗದ ಲೋಮು ತಂಡದಿಂದ ಹೊರಬಿದ್ದರು.

ಮರುವರ್ಷದ ವಿಶ್ವಕಪ್‌ನಲ್ಲಿ ಎಲ್ಲವೂ ಬದಲಾಯಿತು. ಕೇಪ್‌ಟೌನ್‌ನ ಸೆಮಿಫೈನಲ್ ಶುರುವಾಗಿ ಕೆಲವೇ ನಿಮಿಷ. ಚೆಂಡು ಲೋಮು ಕೈಗೆ ಸಿಕ್ಕಿದ್ದೇ ಎದುರಾಳಿ ಇಂಗ್ಲೆಂಡ್‌ನ ಟೋನಿ ಅಂಡರ್‌ವುಡ್ ಹಿಂದೆ ಉಳಿದರು. ನಾಯಕ ವಿಲ್ ಕಾರ್ಲಿಂಗ್ ಕಾಲಿಗೆ ಕೈ ಹಾಕಿದರು; ಲೋಮು ಮುಗ್ಗರಿಸಿದರೂ ಬೀಳಲಿಲ್ಲ. ಕೊನೆಯ ತಡೆಯಾಗಿ ನಿಂತಿದ್ದ ಮೈಕ್ ಕ್ಯಾಟ್ ಅವರನ್ನು ತುಳಿದುಕೊಂಡೇ ಗೆರೆ ದಾಟಿದರು. ಹೀಗೆ ಗೆರೆಯಾಚೆ ಚೆಂಡನ್ನು ನೆಲಕ್ಕೂರುವುದೇ ಟ್ರೈ. ಆ ದಿನ ಅವರು ಗಳಿಸಿದ್ದು ನಾಲ್ಕು ಟ್ರೈ, ನ್ಯೂಜಿಲೆಂಡ್ 45–29ರಿಂದ ಗೆದ್ದಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಅವರನ್ನು ಕಟ್ಟಿಹಾಕಿ 15–12ರಿಂದ ಗೆದ್ದಿತು. ಆ ತಂಡದ ವಿರುದ್ಧ ಟೆಸ್ಟ್‌ನಲ್ಲಿ ಟ್ರೈ ಗಳಿಸುವುದು ಲೋಮು ಅವರಿಗೆ ಕೊನೆಯವರೆಗೂ ಆಗಲಿಲ್ಲ.

ಅದೇ ವರ್ಷಾಂತ್ಯಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಪತ್ತೆಯಾಯಿತು. ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪದರ ಹಾಳಾಗಿ ರಕ್ತದ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ. ಮೈ ಊದುತ್ತದೆ, ಸುಸ್ತು ಬಿಡುವುದಿಲ್ಲ. 1997ರ ಬಹುಭಾಗ ಚಿಕಿತ್ಸೆಯಲ್ಲೇ ಕಳೆಯಿತು. ಆದರೂ 1998ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸೆವೆನ್ಸ್ (ಏಳು ಆಟಗಾರರ ರಗ್ಬಿ) ಚಿನ್ನ ಬಂತು, 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈಗಳು ಬಂದವು. ಲೋಮು ಅವರ ದೊಡ್ಡತನ ಕಾಣುವುದು ಕೇಪ್‌ಟೌನ್‌ಗಿಂತ ಹೆಚ್ಚಾಗಿ ಈ ವರ್ಷಗಳಲ್ಲೇ.

63 ಟೆಸ್ಟ್, 37 ಟ್ರೈಗಳ ಲೆಕ್ಕ 2002ರಲ್ಲಿ ವೇಲ್ಸ್ ವಿರುದ್ಧದ ಪಂದ್ಯಕ್ಕೆ ನಿಂತಿತು. 2003ರ ಹೊತ್ತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾಗುತ್ತಿತ್ತು. ಪಾದಗಳ ನರಗಳೂ ಸೊರಗಿದ್ದವು. 2004ರ ಜುಲೈನಲ್ಲಿ ವೆಲಿಂಗ್ಟನ್‌ನ ರೇಡಿಯೊ ನಿರೂಪಕ ಗ್ರ್ಯಾಂಟ್ ಕೆರೆಯಾಮ ತಮ್ಮದೊಂದು ಕಿಡ್ನಿ ಕೊಟ್ಟರು. ಕಸಿಯಾದ ಮರುವರ್ಷವೇ ಲೋಮು ವೇಲ್ಸ್‌ನ ಕಾರ್ಡಿಫ್ ಬ್ಲೂಸ್ ತಂಡದ ಪರ ಕಣಕ್ಕಿಳಿದರು. ರಾಷ್ಟ್ರೀಯ ತಂಡಕ್ಕೆ ಮರಳುವ ಆಸೆ ಕೈಗೂಡದೆ 2007ರಲ್ಲಿ ನಿವೃತ್ತರಾದರು. ಕಸಿ ಮಾಡಿದ ಕಿಡ್ನಿಯೂ ಮುಂದೆ ಕೈಕೊಟ್ಟಿತು. 2015ರ ನವೆಂಬರ್ 18ರಂದು, 40ನೇ ವಯಸ್ಸಿನಲ್ಲಿ, ಆಕ್ಲೆಂಡ್‌ನಲ್ಲಿ ತೀರಿಕೊಂಡರು. ವಿಶ್ವಕಪ್‌ಗಳಲ್ಲಿ ಅವರು ಗಳಿಸಿದ್ದ 15 ಟ್ರೈಗಳ ದಾಖಲೆಯನ್ನು ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನಾ ಸರಿಗಟ್ಟಿದ್ದೂ ಅದೇ ವರ್ಷ.