ಸದನದ ಮಾತು, ಜನರ ಕಿವಿ

'ವೃತ್ತ' ಎಂಬ ಶಬ್ದಕ್ಕೆ 'ನಡೆದದ್ದು' ಎಂಬುದೊಂದು ಅರ್ಥ. 'ನಡತೆ' ಎಂಬುದು ಇನ್ನೊಂದು. ವೃತ್ತಪತ್ರಿಕೆ ಎಂಬ ನಮ್ಮ ಹಳೆಯ ಪದವನ್ನು ತರಗತಿಯಲ್ಲಿ ಬಿಡಿಸುವಾಗಲೆಲ್ಲ ನಾನು ಎರಡನ್ನೂ ಹೇಳುವುದುಂಟು. ಒಮ್ಮೆ ಹಾಗೆ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ನಾವು ಆರಿಸಿದವರು ಸದನದಲ್ಲಿ ನಿರ್ಭಯವಾಗಿ ಮಾತನಾಡಬಲ್ಲರು. ಅದು ಸಾಲದೆ? ಪತ್ರಿಕೆ ಏತಕ್ಕೆ?" ಎಂದು ಕೇಳಿದಳು. ಪ್ರಶ್ನೆ ಸಣ್ಣದಲ್ಲ. ಉತ್ತರವಾಗಿ ನಾನು ಒಂದು ಕಾಯಿದೆಯ ಕಥೆಯನ್ನು ಹೇಳಿದೆ.

ಸಂಸತ್ತಿನಲ್ಲಿ ಆಡಿದ ಮಾತಿಗಾಗಿ ಸದಸ್ಯರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಸಂವಿಧಾನದ 105ನೆಯ ವಿಧಿ ಆ ಅಭಯವನ್ನು ಕೊಟ್ಟಿದೆ. ಆದರೆ ಅದೇ ಮಾತನ್ನು ಮರುದಿನ ಅಚ್ಚುಮಾಡಿದ ಸಂಪಾದಕನಿಗೆ ಅಂಥ ಅಭಯವಿರಲಿಲ್ಲ. ಮಾನನಷ್ಟದ ಮೊಕದ್ದಮೆ ಅವನ ಬಾಗಿಲಲ್ಲೇ ಕಾದಿರುತ್ತಿತ್ತು. ಈ ಕೊರತೆಯನ್ನು ನೀಗಲೆಂದು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ತಂದರು. ಅದು 1956ರಲ್ಲಿ ಕಾಯಿದೆಯಾಯಿತು. ವರದಿಯು ಬಹುಮಟ್ಟಿಗೆ ಯಥಾರ್ಥವಾಗಿರಬೇಕು, ದ್ವೇಷದಿಂದ ಹುಟ್ಟಿರಬಾರದು, ಲೋಕಹಿತಕ್ಕಾಗಿರಬೇಕು. ಈ ಕಟ್ಟಿಗೆ ಒಳಪಟ್ಟ ಪತ್ರಿಕೆಗೆ ರಕ್ಷಣೆ ದೊರೆಯಿತು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂದಿತು. ಅದರ ಬೆನ್ನಿಗೇ ಸೆನ್ಸಾರ್ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯಿಂದಲೂ, 1976ರಲ್ಲಿ ಶಾಸನದಿಂದಲೂ ಆ ಕಾಯಿದೆಯನ್ನು ರದ್ದುಗೊಳಿಸಲಾಯಿತು. ಫಿರೋಜರು 1960ರಲ್ಲೇ ತೀರಿಕೊಂಡಿದ್ದರು; ರದ್ದುಮಾಡಿದ್ದು ಅವರ ಪತ್ನಿ ಇಂದಿರಾ ಗಾಂಧಿಯವರ ಸರ್ಕಾರ. ಸದನದ ಬಾಗಿಲನ್ನು ಯಾರೂ ಮುಚ್ಚಲಿಲ್ಲ, ಸದಸ್ಯರ ಅಭಯವನ್ನು ಕಿತ್ತುಕೊಳ್ಳಲಿಲ್ಲ. ಆದರೂ ಅಲ್ಲಿ ಎದ್ದ ದನಿ ಗೋಡೆಗೆ ಬಡಿದು ಅಲ್ಲಿಯೇ ಅಡಗಬೇಕಾಯಿತು. ಕೇಳುವ ಕಿವಿಯೇ ಇಲ್ಲದ ಮೇಲೆ ಮಾತಿನ ಸ್ವಾತಂತ್ರ್ಯ ಯಾರಿಗಾಗಿ?

1977ರಲ್ಲಿ ಹೊಸ ಸರ್ಕಾರವು ಕಾಯಿದೆಯನ್ನು ಮತ್ತೆ ಜಾರಿಗೆ ತಂದಿತು. 1978ರ 44ನೆಯ ತಿದ್ದುಪಡಿಯು ಅದರ ಸಾರವನ್ನು 361ಎ ವಿಧಿಯಾಗಿ ಸಂವಿಧಾನದಲ್ಲಿಯೇ ನೆಲೆಗೊಳಿಸಿ, ರಾಜ್ಯಗಳ ಶಾಸನಸಭೆಗಳಿಗೂ ವಿಸ್ತರಿಸಿತು. ಸಾಮಾನ್ಯ ಬಹುಮತದ ಮಸೂದೆಯೊಂದರಿಂದ ಅದನ್ನು ಇನ್ನು ಅಳಿಸಲಾಗದು.

ಇಷ್ಟು ಹೇಳಿ ನಾನು ಮತ್ತೆ ಶಬ್ದಾರ್ಥಕ್ಕೆ ಬಂದೆ. ಆ ರಕ್ಷಣೆ ಸುಳ್ಳಿಗಲ್ಲ, ಹಗೆತನಕ್ಕಲ್ಲ. ನಡೆದದ್ದನ್ನು ತಿಳಿಸುವ ಹಕ್ಕು ಪತ್ರಿಕೆಗೆ ಒಲಿಯುವುದು ಅದರ ನಡತೆ ಶುದ್ಧವಾಗಿದ್ದಾಗ ಮಾತ್ರ. ಆ ಹುಡುಗಿ ಕ್ಷಣಕಾಲ ಸುಮ್ಮನಿದ್ದು, "ಹಾಗಾದರೆ ಆ ಹಕ್ಕು ಪತ್ರಿಕೆಯದಲ್ಲ ಸಾರ್, ಓದುವ ನಮ್ಮದು" ಎಂದಳು. ಅಂದಿನ ಪಾಠಕ್ಕೆ ನಾನು ಸೇರಿಸಬೇಕಾದುದು ಬೇರೇನೂ ಉಳಿಯಲಿಲ್ಲ.