ಮದುವೆ ಮನೆಯಲ್ಲಿ ಡಿಜೆ: ಪೂರ್ವಸಿದ್ಧತೆಯೇ ಧೈರ್ಯ

ಸಾಗರ: ಗಣೇಶೋತ್ಸವದ ಮೆರವಣಿಗೆಯಲ್ಲಿ ಊರನ್ನೇ ಕುಣಿಸಿದ ಡಿಜೆಗೂ ಮದುವೆ ಮನೆಯಲ್ಲಿ ಕೈ ನಡುಗುವುದುಂಟು. ಮೆರವಣಿಗೆಯಲ್ಲಿ ತಪ್ಪಿದ ಹಾಡು ಗದ್ದಲದಲ್ಲಿ ಕರಗಿಹೋಗುತ್ತದೆ. ಆರತಕ್ಷತೆಯಲ್ಲಿ ತಪ್ಪಿದ ಹಾಡು ಎರಡೂ ಕುಟುಂಬಗಳ ನೆನಪಿನಲ್ಲಿ ಉಳಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯಂತಹ ಊರುಗಳಲ್ಲಿ ಒಂದು ಮದುವೆಯ ಮಾತು ಮತ್ತೊಂದು ಮದುವೆಗೆ ಬೇಗನೆ ತಲುಪುತ್ತದೆ.

ಮದುವೆಯ ಕ್ರಮವನ್ನು ಅರಿಯುವುದೇ ಆತ್ಮವಿಶ್ವಾಸದ ಮೂಲ. ಮುಹೂರ್ತದಲ್ಲಿ ಮಂಗಳವಾದ್ಯಕ್ಕೇ ಅಗ್ರಸ್ಥಾನ. ಡಿಜೆ ಆಗ ಮೌನವಾಗಿರಬೇಕು. ವಾರ ಮುಂಚೆಯೇ ಎರಡೂ ಕಡೆಯ ಹಿರಿಯರನ್ನು ಕಂಡು ವಧೂವರರ ಪ್ರವೇಶದ ಹಾಡು, ಬೇಡವಾದ ಹಾಡುಗಳು, ಊಟದ ಸಮಯ ಇವುಗಳನ್ನು ಬರೆದುಕೊಳ್ಳುವುದು ಲೇಸು. ಊಟದ ವೇಳೆ ಪಂಕ್ತಿಯಲ್ಲಿ ಕುಳಿತವರ ಮಾತು ಪರಸ್ಪರ ಕೇಳಿಸುವಷ್ಟೇ ಧ್ವನಿ ಸಾಕು.

ಕಾನೂನಿನ ಅರಿವೂ ಅಗತ್ಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಕೆಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್. ಮುಂಗಡ ಪಡೆಯುವಾಗಲೇ ಇದನ್ನು ತಿಳಿಸಿದ್ದರೆ, ‘ಇನ್ನೊಂದೇ ಹಾಡು’ ಎಂಬ ಒತ್ತಾಯಕ್ಕೆ ವಿನಯದಿಂದಲೇ ಇಲ್ಲವೆನ್ನಬಹುದು.

ಮಲೆನಾಡಿನಲ್ಲಿ ವಿದ್ಯುತ್ತು, ಮಳೆ ಎರಡನ್ನೂ ನಂಬಿ ಕೂರಲಾಗದು. ಜನರೇಟರ್ ಏರ್ಪಾಡು ಯಾರದೆಂದು ಮೊದಲೇ ಕೇಳಬೇಕು. ತೋಟದ ಮನೆಗಳಲ್ಲಿ ಇಂಟರ್‌ನೆಟ್ ಸಿಗದಿರಬಹುದಾದ್ದರಿಂದ ಹಾಡುಗಳು ಲ್ಯಾಪ್‌ಟಾಪ್‌ನಲ್ಲಿಯೂ ಪೆನ್‌ಡ್ರೈವ್‌ನಲ್ಲಿಯೂ ಇರಲಿ. ಚಪ್ಪರದಡಿ ಯಂತ್ರಗಳಿಗೆ ಪ್ಲಾಸ್ಟಿಕ್ ಹೊದಿಕೆ, ಹೆಚ್ಚುವರಿ ಕೇಬಲ್ ಜೊತೆಗಿರಲಿ.

ಹೊಸಬರು ಮೊದಲು ಅನುಭವಿಗಳ ಸಹಾಯಕರಾಗಿ ದುಡಿದು, ಬಳಿಕ ನಿಶ್ಚಿತಾರ್ಥ, ನಾಮಕರಣದಂತಹ ಚಿಕ್ಕ ಸಮಾರಂಭಗಳನ್ನು ಒಪ್ಪಿಕೊಳ್ಳಬಹುದು. ಮದುವೆಗಳಿಲ್ಲದ ಆಷಾಢ ಮಾಸವು ಅಭ್ಯಾಸಕ್ಕೆ ಒದಗುವ ಬಿಡುವು.