ಅರ್ಧ ಆನೆಯ ಕಾಸು ಟಂಕಸಾಲೆಯ ತಪ್ಪಲ್ಲ

ಹಳೆಯ ನಾಣ್ಯದ ಚಿತ್ರ ಓರೆಯಾಗಿದ್ದರೆ ಅಥವಾ ಅಕ್ಷರಗಳು ಅರ್ಧಕ್ಕೇ ನಿಂತಿದ್ದರೆ ಅದು ಟಂಕಸಾಲೆಯಲ್ಲಿ ನಡೆದ ಅಪರೂಪದ ತಪ್ಪೆಂದೂ, ಅಂಥ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂದೂ ನಂಬುವವರು ಬಹಳ ಮಂದಿ. ಹಳೆಯ ಮೈಸೂರು ಸೀಮೆಯಲ್ಲಿ ಈ ನಂಬಿಕೆ ಹೆಚ್ಚಾಗಿ ಅಂಟಿಕೊಂಡಿರುವುದು ಟಿಪ್ಪು ಸುಲ್ತಾನನ ಕಾಲದ, ಆನೆಯ ಚಿತ್ರವಿರುವ ತಾಮ್ರದ ಕಾಸಿಗೆ. ಮದ್ದೂರಿನ ಬಳಿ ಶಿಂಷಾ ನದಿಯ ದಡದಲ್ಲಿರುವ ವೈದ್ಯನಾಥಪುರದಂಥ ಊರುಗಳಿಗೆ ಇದು ದೂರದ ವಿಷಯವೇನಲ್ಲ. ಈ ಕಾಸುಗಳನ್ನು ಹೇರಳವಾಗಿ ಹೊರತಂದ ಶ್ರೀರಂಗಪಟ್ಟಣದ ಟಂಕಸಾಲೆ ಅಲ್ಲಿಂದ ಐವತ್ತು ಕಿ.ಮೀ. ಒಳಗೇ ಇತ್ತು.

ಆ ಕಾಲದ ನಾಣ್ಯ ಕೈಕೆಲಸದ ವಸ್ತು. ತೂಕ ಸರಿಪಡಿಸಿದ ತಾಮ್ರದ ಬಿಲ್ಲೆಯನ್ನು ಚಿತ್ರ ಕೊರೆದ ಎರಡು ಅಚ್ಚುಗಳ ನಡುವೆ ಇಟ್ಟು, ಮೇಲಿನ ಅಚ್ಚಿನ ಮೇಲೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಎರಡೂ ಮುಖಗಳು ಒಮ್ಮೆಲೇ ಮೂಡುತ್ತಿದ್ದವು. ಅಚ್ಚು ಅನೇಕ ವೇಳೆ ಬಿಲ್ಲೆಗಿಂತ ಅಗಲವಾಗಿದ್ದುದರಿಂದ ಪೂರ್ತಿ ಚಿತ್ರ ಹಿಡಿಸುವ ಸಂಭವವೇ ಕಡಿಮೆಯಿತ್ತು. ಆನೆಯ ಸೊಂಡಿಲು ಹೊರಗುಳಿಯುವುದು, ಸುತ್ತಲಿನ ಚುಕ್ಕೆಗಳ ಬಳೆ ಒಂದೇ ಕಡೆ ಕಾಣುವುದು, ಎರಡು ಕಾಸುಗಳ ಆಕಾರ ಒಂದೇ ಆಗಿಲ್ಲದಿರುವುದು ಆ ವಿಧಾನದ ಸಹಜ ಫಲ. ತೂಕ ಸರಿಯಿದ್ದರೆ ಟಂಕಸಾಲೆಯ ಕೆಲಸ ಮುಗಿಯಿತೆಂದೇ ಲೆಕ್ಕ. ಹೀಗಾಗಿ ಸಂಗ್ರಾಹಕರು ಇಂಥ ಕಾಸುಗಳಲ್ಲಿ ಹೆಚ್ಚು ಬೆಲೆ ಕೊಡುವುದು ಅರ್ಧ ಆನೆಗಲ್ಲ, ಇಡೀ ಆನೆಯೂ ಟಂಕಸಾಲೆಯ ಹೆಸರೂ ವರ್ಷವೂ ಒಟ್ಟಿಗೆ ಮೂಡಿರುವ ಕಾಸಿಗೆ.

ಎರಡನೆಯ ತಪ್ಪು ಕಲ್ಪನೆ ವರ್ಷದ ಅಂಕಿಗಳದು. ಟಿಪ್ಪು 1787ರ ಸುಮಾರಿಗೆ ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಕಾಲಗಣನೆಯನ್ನು ನಾಣ್ಯಗಳಲ್ಲಿ ಬಳಸತೊಡಗಿದ. ಅದರ ಮೊದಲ ವರ್ಷವಾಗಿ ಕಾಣುವುದು 1215. ಅದರೊಂದಿಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಬಂತು. ಆದ್ದರಿಂದ 1217ನೆಯ ವರ್ಷದ ಕಾಸನ್ನು ಎಡದಿಂದ ಓದಿದವರಿಗೆ 7121 ಎಂದು ತೋರುತ್ತದೆ, ಅಚ್ಚು ಕೊರೆದವನು ಎಡವಿದನೆಂಬ ತೀರ್ಮಾನವೂ ಹಿಂದೆಯೇ ಬರುತ್ತದೆ. ಅದು ಎಡವಟ್ಟಲ್ಲ, ಅರಮನೆಯ ಆಜ್ಞೆ. ಆನೆ ಕೆಲವು ಕಾಸುಗಳಲ್ಲಿ ಎಡಕ್ಕೂ ಕೆಲವುಗಳಲ್ಲಿ ಬಲಕ್ಕೂ ಮುಖ ಮಾಡಿರುವುದು, ಕೊನೆಯ ವರ್ಷಗಳ ಕಾಸಿನಲ್ಲಿ ಆನೆಯ ಮೇಲೆ ಒಂಟಿ ಅರಬ್ಬೀ ಅಕ್ಷರವಿರುವುದು ಸಹ ಉದ್ದೇಶಪೂರ್ವಕವಾದವೇ, ಜೆ. ಆರ್. ಹೆಂಡರ್ಸನ್ ಅವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಪ್ರಕಟಿಸಿದ ಗ್ರಂಥದ ಕಾಲದಿಂದಲೂ ಈ ಬಗೆಗಳು ನಾಣ್ಯಶಾಸ್ತ್ರಜ್ಞರಿಗೆ ಪರಿಚಿತ.

ಹಾಗೆಂದು ಕೈಯಚ್ಚಿನ ನಾಣ್ಯಗಳಲ್ಲಿ ನಿಜವಾದ ತಪ್ಪುಗಳೇ ಇಲ್ಲವೆಂದಲ್ಲ. ಅಚ್ಚಿನಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಕೊರೆಯುವವನು ಮರೆತರೆ ಕಾಸಿನ ಮೇಲೆ ಅಕ್ಷರ ತಿರುವುಮುರುವಾಗಿ ಬೀಳುತ್ತದೆ. ಇದಕ್ಕಿಂತ ಸ್ವಾರಸ್ಯಕರವಾದುದು ಬ್ರಾಕೇಜ್ ಎಂಬ ದೋಷ. ಆಗತಾನೆ ಅಚ್ಚಾದ ನಾಣ್ಯ ಮೇಲಿನ ಅಚ್ಚಿಗೇ ಕಚ್ಚಿಕೊಂಡು, ಅದನ್ನು ಗಮನಿಸದೆ ಮುಂದಿನ ಬಿಲ್ಲೆಗೆ ಹೊಡೆದಾಗ, ಆ ಬಿಲ್ಲೆಯ ಒಂದು ಮುಖದಲ್ಲಿ ಚಿತ್ರ ಎಂದಿನಂತೆ ಉಬ್ಬಿಕೊಂಡಿದ್ದು, ಇನ್ನೊಂದರಲ್ಲಿ ಅದೇ ಚಿತ್ರ ಒಳಕ್ಕೆ ತಗ್ಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ. ಯಂತ್ರದ ನಾಣ್ಯಗಳಲ್ಲೂ ಇದು ಸಂಭವಿಸುತ್ತದೆ. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿ ಅದುಮಿ ಇದರ ನಕಲು ತಯಾರಿಸುವ ಚಾಲಾಕಿಗಳೂ ಇದ್ದಾರೆ. ಆದರೆ ಹಾಗೆ ಅದುಮಿದಾಗ ಮೊದಲೇ ಇದ್ದ ಚಿತ್ರ ಚಪ್ಪಟೆಯಾಗಿ ಅದರ ಗುರುತು ತಗ್ಗಿನ ಕೆಳಗೆ ಉಳಿದುಬಿಡುತ್ತದೆ, ಭೂತಗನ್ನಡಿಯಲ್ಲಿ ಅದು ಮೋಸವನ್ನು ಹೊರಗೆಡಹುತ್ತದೆ.

ತಪ್ಪಿಗೆ ಸಂಗ್ರಹದ ಮೌಲ್ಯ ಹೆಚ್ಚಾಗಿ ಕೂಡಿಬರುವುದು ಏಕರೂಪತೆಯನ್ನೇ ಗುರಿಯಾಗಿಟ್ಟುಕೊಂಡ ಯಂತ್ರದ ನಾಣ್ಯದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಏಕರೂಪದ ರೂಪಾಯಿಯನ್ನು ಜಾರಿಗೆ ತಂದ ಮೇಲೆ, 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆಯೂ ಮುಚ್ಚಿತು. ಈಗಿನ ನಾಣ್ಯಗಳ ಬಗೆಗಿನ ಒಂದು ಭ್ರಮೆ ಒಂದೇ ಮಾತಿನಲ್ಲಿ ತೀರುವಂಥದು: ವರ್ಷದ ಕೆಳಗಿನ ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ ಟಂಕಸಾಲೆಯ ಗುರುತು, ಗುರುತೇ ಇಲ್ಲದ್ದು ಕೋಲ್ಕತ್ತದ್ದು, ಇವು ಯಾವುವೂ ದೋಷಗಳಲ್ಲ.

ಟಂಕಸಾಲೆಯಿಂದ ಹೊರಬಂದ ಮೇಲೆ ಆದ ಗಾಯಗಳೂ ದೋಷದ ಲೆಕ್ಕಕ್ಕೆ ಸೇರುವುದಿಲ್ಲ. ಸರಕ್ಕೆ ಪೋಣಿಸಲು ಕೊರೆದ ತೂತು, ಮಣ್ಣಿನಲ್ಲೋ ನೀರಿನಲ್ಲೋ ಹತ್ತಿದ ಹಸಿರು ಕಿಲುಬು, ಅಕ್ಕಸಾಲಿಗನ ಒರೆಯ ಗೀರು ಇವೆಲ್ಲ ನಾಣ್ಯದ ಬೆಲೆಯನ್ನು ಸಾಮಾನ್ಯವಾಗಿ ಇಳಿಸುತ್ತವೆ. ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ತರುವುದಂತೂ ಪಾತ್ರೆಗೆ ಸರಿ, ನಾಣ್ಯಕ್ಕೆ ಹಾನಿ. ಹುಳಿ ತಿಂದ ಮೇಲ್ಮೈ ಮರಳಿ ಬರುವುದಿಲ್ಲ.

ಹಳೆಯ ನಾಣ್ಯಕ್ಕೆ ಲಕ್ಷ ಕೊಡಿಸುವುದಾಗಿ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿ, ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ. ಇನ್ನು ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳ ಗಡಿಗೆ ಸಿಕ್ಕರೆ ಅದು ಸಿಕ್ಕವರದೇ ಎಂಬ ನಂಬಿಕೆಯೂ ತಪ್ಪು. ನಿಧಿನಿಕ್ಷೇಪಗಳನ್ನು ಕುರಿತ 1962ರ ರಾಜ್ಯ ಕಾಯಿದೆಯಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ.